ಹಂದಿ ಬೇಡ, ಬ್ಯಾಕ್ಟೀರಿಯಾ ಸಾಕು ಅನ್ನೋ ಫಾರ್ವರ್ಡ್

ದೊಡ್ಡಪ್ಪ (ಫಾರ್ವರ್ಡ್): “ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಷ್ಟು ದಿನ ಹಂದಿಯ ಕರುಳಿನಿಂದ ಬರುತ್ತಿತ್ತು. ಈಗ ಇ. ಕೋಲೈ ಬ್ಯಾಕ್ಟೀರಿಯಾದಿಂದಲೇ ಹೆಪಾರಿನ್ ಬಂದಿದೆ! ಹಳೆಯದು ಕಲಬೆರಕೆ, ಜೀವಕ್ಕೆ ಅಪಾಯ. ಡಯಾಲಿಸಿಸ್ ರೋಗಿಗಳು ಕೂಡಲೇ ಹಳೆಯದನ್ನು ನಿಲ್ಲಿಸಿ ಹೊಸದನ್ನು ಕೇಳಿ ಪಡೆಯಿರಿ. ಎಲ್ಲರಿಗೂ ಕಳಿಸಿ.”

ದೊಡ್ಡಪ್ಪ: ತಮ್ಮನಿಗೆ ಉಪಯೋಗ ಆಗುತ್ತದೆ ಅಂತ ಹಾಕಿದ್ದೇನೆ. ಎಲ್ಲರೂ ಓದಿ.

ಚಿಕ್ಕಮ್ಮ: ಓದಿದೆ ಭಾವ. ಎದೆ ಝಲ್ ಅಂತು. ನಾಳೆ ಬೆಳಿಗ್ಗೆ ಇವರಿಗೆ ಡಯಾಲಿಸಿಸ್ ಇದೆ. ಹೆಪಾರಿನ್ ಹಾಕಬೇಡಿ ಅಂತ ಹೇಳಿಬಿಡಲಾ?

ಅಕ್ಕ: ಬೇಡ ಚಿಕ್ಕಮ್ಮ! ಹಾಗೆ ನೀವಾಗಿ ನಿಲ್ಲಿಸಬೇಡಿ. ರಕ್ತ ಯಂತ್ರದ ಕೊಳವೆಗೆ ಬಂತು ಅಂದರೆ ಹೆಪ್ಪುಗಟ್ಟೋಕೆ ಶುರುವಾಗುತ್ತದೆ. ಫಿಲ್ಟರ್ ಒಳಗೆ ಸಾವಿರಾರು ಸಣ್ಣ ಟೊಳ್ಳು ಎಳೆಗಳಿವೆ, ರಕ್ತ ಹರಿಯೋದು ಅವುಗಳ ಒಳಗೆ. ಡಯಾಲಿಸಿಸ್ ಮುಗಿದ ಮೇಲೆ ನಾವು ಸಲೈನ್ ಬಿಟ್ಟು ರಕ್ತವನ್ನೆಲ್ಲ ವಾಪಸ್ ಕೊಡುತ್ತೇವೆ. ಆಗ ಎಳೆಗಳು ತಿಳಿಯಾಗಬೇಕು. ಹೆಪಾರಿನ್ ಸಾಲದ ದಿನ ಕಪ್ಪು ಗೀರುಗಳು ಹಾಗೇ ನಿಂತಿರುತ್ತವೆ. ಆ ಗೀರು ಅಂದರೆ ರೋಗಿಗೆ ವಾಪಸ್ ಹೋಗದ ರಕ್ತ. ನಾನು ದಿನಾ ನೋಡುತ್ತೇನೆ.

ಅಕ್ಕ: ರಕ್ತಸ್ರಾವದ ಭಯ ಇರುವವರಿಗೆ ಹೆಪಾರಿನ್ ಇಲ್ಲದೆಯೂ ಮಾಡುತ್ತೇವೆ. ಆದರೆ ಅದನ್ನು ಡಾಕ್ಟರ್ ನೋಡಿ ಹೇಳಬೇಕು. ಫಾರ್ವರ್ಡ್ ನೋಡಿ ಅಲ್ಲ.

ಅಣ್ಣ: ನನಗಂತೂ ಹೊಸದೇ ಜಾಸ್ತಿ ಭಯ. ಇ. ಕೋಲೈ ಅಂದರೆ ಭೇದಿ ತರೋ ಕ್ರಿಮಿ ಅಲ್ವಾ? ಅದರದ್ದನ್ನು ನೇರ ರಕ್ತಕ್ಕೆ ಹಾಕೋದಾ?

ದೊಡ್ಡಪ್ಪ: ಇನ್ಸುಲಿನ್ ಹೇಗೆ ಬರುತ್ತದೆ ಹೇಳು? ಮೊದಲು ಹಂದಿ, ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಇದೇ ಇ. ಕೋಲೈಯಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದರು. 1982ಕ್ಕೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಬರೀ ನಾಲ್ಕು ವರ್ಷ! ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದೇನೆ, ಸುಮ್ನೆ ಫಾರ್ವರ್ಡ್ ಮಾಡಿಲ್ಲ.

ನಾನು: ದೊಡ್ಡಪ್ಪ, ಈಗ ತಾನೇ ಲ್ಯಾಬಿನಿಂದ ಬಂದೆ. ಇದೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರು ಮಾಡ್ಕೋಬೇಡಿ.

ನಾನು: ಇನ್ಸುಲಿನ್ ಪ್ರೋಟೀನ್. ಪ್ರೋಟೀನಿಗೆ ಜೀನ್‌ನಲ್ಲೇ ಬರಹ ಇರುತ್ತದೆ, ಯಾವುದಾದ ಮೇಲೆ ಯಾವುದು ಅಂತ. ಆ ಬರಹ ಕೊಟ್ಟರೆ ಬ್ಯಾಕ್ಟೀರಿಯಾ ಓದಿಕೊಂಡು ಮಾಡುತ್ತದೆ. ಹೆಪಾರಿನ್ ಪ್ರೋಟೀನ್ ಅಲ್ಲ, ಸಕ್ಕರೆಯ ಉದ್ದ ಸರಪಳಿ, ಪಾಲಿಸ್ಯಾಕರೈಡ್. ಅದಕ್ಕೆ ಹಾಗೆ ಬರೆದಿಟ್ಟ ನಕ್ಷೆ ಎಲ್ಲೂ ಇಲ್ಲ. ಒಂದು ಕಿಣ್ವ ಸರಪಳಿ ಹೆಣೆಯುತ್ತದೆ, ಇನ್ನೊಂದು ಬಂದು ಒಂದು ಕಡೆ ಸಲ್ಫೇಟ್ ಕೂರಿಸುತ್ತದೆ, ಮತ್ತೊಂದು ಸಕ್ಕರೆಯ ಆಕಾರವನ್ನೇ ತಿರುಗಿಸುತ್ತದೆ, ಆಮೇಲೆ ಇನ್ನೂ ಮೂರು ಜಾಗದಲ್ಲಿ ಸಲ್ಫೇಟ್. ಅಷ್ಟೂ ಕಿಣ್ವಗಳು ಹೊಂದಿಕೊಂಡು ಕೆಲಸ ಮಾಡಬೇಕು. ಒಂದು ಜೀನ್ ಹಾಕಿ ಮುಗಿಸುವ ಕೆಲಸ ಅಲ್ಲ.

ದೊಡ್ಡಪ್ಪ: ಅಂದರೆ ಫಾರ್ವರ್ಡ್ ಪೂರ್ತಿ ಸುಳ್ಳು ಅಂತೀಯಾ?

ನಾನು: ಇಲ್ಲ, ಅರ್ಧ ನಿಜ. ಅದೇ ತೊಂದರೆ. ಕೆ5 ಅನ್ನೋ ಇ. ಕೋಲೈ ತಳಿ ಇದೆ. ಅದು ಮೈಮೇಲೆ ಒಂದು ಸಕ್ಕರೆ ಕವಚ ಹೊದ್ದಿರುತ್ತದೆ, ಹೆಸರು ಹೆಪಾರೋಸಾನ್. ಅದು ಹೆಪಾರಿನ್‌ನ ಬೆನ್ನೆಲುಬೇ! ನಮ್ಮ ಜೀವಕೋಶಗಳೂ ಹೆಪಾರಿನ್ ಮಾಡುವಾಗ ಮೊದಲು ಇದನ್ನೇ ಹೆಣೆಯೋದು. ಹಾಗಾಗಿ ನಮ್ಮ ರೋಗನಿರೋಧಕ ಪಡೆ ಆ ಬ್ಯಾಕ್ಟೀರಿಯಾವನ್ನು ನಮ್ಮವನೇ ಅಂತ ತಿಳಿದು ಬಿಟ್ಟುಬಿಡುತ್ತದೆ. ಅದು ತನ್ನ ರಕ್ಷಣೆಗೆ ಮಾಡಿಕೊಂಡ ವೇಷ ನಮ್ಮ ಔಷಧಕ್ಕೆ ದಾರಿ ಆಗಿದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ನಾನು: ಈ ಬೆನ್ನೆಲುಬನ್ನು 2010ರಲ್ಲೇ ಒಂದು ಲೀಟರ್ ದ್ರವದಲ್ಲಿ 15 ಗ್ರಾಂವರೆಗೆ ಬೆಳೆಸಿ ತೋರಿಸಿದ್ದಾರೆ. ಅದು ತುಂಬಾನೇ ಒಳ್ಳೆ ಇಳುವರಿ. ಆದರೆ ಹೆಪಾರೋಸಾನ್‌ನಲ್ಲಿ ಸಲ್ಫೇಟೇ ಇಲ್ಲ. ಸಲ್ಫೇಟ್ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟೋದನ್ನು ತಡೆಯಲ್ಲ. ಫಾರ್ವರ್ಡ್ ಬರೆದವರು ಬೆನ್ನೆಲುಬನ್ನೇ ಔಷಧ ಅಂದುಕೊಂಡಿದ್ದಾರೆ.

ಅಣ್ಣ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕ್ರಿಮಿ?

ನಾನು: ನಿನ್ನ ಭಯಕ್ಕೆ ಕಾರಣ ಇದೆ ಅಣ್ಣ. ಇ. ಕೋಲೈ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಅನ್ನೋ ವಿಷ ಇರುತ್ತದೆ. ಅದು ಚೂರೇ ಚೂರು ರಕ್ತಕ್ಕೆ ಸೇರಿದರೂ ಚಳಿ ಜ್ವರ ಬರುತ್ತದೆ, ಜಾಸ್ತಿಯಾದರೆ ಬಿಪಿ ಬೀಳುತ್ತದೆ. ಶುದ್ಧ ಮಾಡುವಾಗ ಅದನ್ನು ತೆಗೆಯೋದಕ್ಕೇ ದೊಡ್ಡ ಕಷ್ಟ ಪಡಬೇಕು. ಆದರೆ ಇನ್ಸುಲಿನ್‌ನಲ್ಲಿ ಅದನ್ನು ಇಷ್ಟು ವರ್ಷದಿಂದ ಮಾಡುತ್ತಲೇ ಇದ್ದಾರೆ.

ನಾನು: ಇನ್ನೊಂದು. ಅಮ್ಮನ ಮಂಡಿಗೆ ಹಾಕಿಸಿದ್ದು ಹೈಲುರಾನಿಕ್ ಆಮ್ಲದ ಇಂಜೆಕ್ಷನ್ ಅಲ್ವಾ? ಅದೂ ಸಕ್ಕರೆ ಸರಪಳಿಯೇ. ಮುಂಚೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಮಾಡುತ್ತಾರೆ, ಬ್ಯಾಸಿಲಸ್‌ಗೆ ಜೀನ್ ಹಾಕಿಯೂ ಮಾಡುತ್ತಾರೆ. ನಾನೇ ಬೆಳೆಸಿದ್ದೇನೆ. ಹೊತ್ತು ಹೋದಂತೆ ಪಾತ್ರೆಯೊಳಗಿನ ದ್ರವ ಗೋಂದಿನ ಹಾಗೆ ಗಟ್ಟಿಯಾಗುತ್ತದೆ, ಕಲಕುವ ಮೋಟರ್ ತಿಣುಕುತ್ತದೆ. ಕೋಶಗಳನ್ನು ಬೇರೆ ಮಾಡಿ ತಿಳಿಗೆ ಎಥನಾಲ್ ಸುರಿದರೆ ಬೆಳ್ಳಗೆ ಎಳೆ ಎಳೆಯಾಗಿ ಬರುತ್ತದೆ, ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಅದು ಇಷ್ಟು ಸಲೀಸಾಗಿ ಆಗೋದು ಯಾಕೆ ಗೊತ್ತಾ? ಹೈಲುರಾನಿಕ್ ಆಮ್ಲಕ್ಕೆ ಸಲ್ಫೇಟ್ ಬೇಕಿಲ್ಲ.

ದೊಡ್ಡಪ್ಪ: ಸರಿ. ಆದರೆ ಕಲಬೆರಕೆ ಅನ್ನೋದು ಸುಳ್ಳಲ್ಲ. 2008ರಲ್ಲಿ ಎಷ್ಟು ಜನ ಸತ್ತರು?

ಅಕ್ಕ: ಅದು ನಿಜ ದೊಡ್ಡಪ್ಪ. ನಮಗೆ ಟ್ರೈನಿಂಗ್‌ನಲ್ಲೇ ಹೇಳಿಕೊಟ್ಟಿದ್ದರು. ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೇ ಬಿಪಿ ಬೀಳೋದು, ಮುಖ ಊದೋದು, ಉಸಿರು ಕಟ್ಟೋದು.

ನಾನು: ಹೌದು. ಹಂದಿ ಕರುಳಿನಿಂದ ತೆಗೆದ ಕಚ್ಚಾ ಮಾಲಿಗೆ, ಚೀನಾದ ಸರಬರಾಜಿನಲ್ಲಿ ಎಲ್ಲೋ ಒಂದು ಕಡೆ, ಅತಿಯಾಗಿ ಸಲ್ಫೇಟ್ ಸೇರಿಸಿದ ಕಾಂಡ್ರಾಯ್ಟಿನ್ ಅನ್ನೋ ಬೇರೆ ಸಕ್ಕರೆ ಸರಪಳಿಯನ್ನು ಬೆರೆಸಿದ್ದರು. ಅದೂ ರಕ್ತ ಹೆಪ್ಪುಗಟ್ಟೋದನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಆಗಿನ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟಿತು! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 81 ಸಾವುಗಳಿಗೆ ಇದರ ನಂಟಿರಬಹುದು ಅಂತ ಲೆಕ್ಕ ಕೊಟ್ಟಿತ್ತು. ಕೊನೆಗೆ ಅಣುಗಳ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆಮೇಲೆ ಪರೀಕ್ಷೆಯ ನಿಯಮವನ್ನೇ ಬದಲಾಯಿಸಿದರು. ಚಿಕ್ಕಮ್ಮ, ಈಗ ಬರೋದು ಆ ಪರೀಕ್ಷೆಗಳನ್ನು ದಾಟಿ ಬಂದ ಹೆಪಾರಿನ್. 2008ರ ಸುದ್ದಿಯನ್ನು ಇವತ್ತಿನದು ಅನ್ನೋ ಹಾಗೆ ಬರೆದು ಹೆದರಿಸಿದ್ದಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಚಿಕ್ಕಮ್ಮ: ಹಂದಿಯಿಂದ ಬಂದದ್ದು ಅಂತಾನೂ ನಮಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ಆಯಿತು. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ. ಆದರೂ ಹೇಳಬಹುದಿತ್ತು.

ಅಕ್ಕ: ಹೇಳಬೇಕಿತ್ತು ಚಿಕ್ಕಮ್ಮ. ಅದು ತಪ್ಪೇ.

ದೊಡ್ಡಪ್ಪ: ಹಂದಿ ಇಲ್ಲದ್ದು ಇದೆಯಲ್ಲ. ಈಗ ಹುಡುಕಿದೆ, ಫೊಂಡಪರಿನಕ್ಸ್ ಅಂತೆ. ಪೂರ್ತಿ ಕಾರ್ಖಾನೆಯಲ್ಲಿ ಮಾಡಿದ್ದು, 2001ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಅಕ್ಕ: ಅದು ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕ ದೊಡ್ಡಪ್ಪ. ಚಿಕ್ಕಪ್ಪನಿಗೆ ಕೊಟ್ಟರೆ ಒಳಗೇ ಉಳಿಯುತ್ತದೆ, ರಕ್ತಸ್ರಾವ ಆಗಬಹುದು. ಕಿಡ್ನಿ ತೀರಾ ಕೆಟ್ಟವರಿಗೆ ಅದನ್ನು ಕೊಡೋ ಹಾಗಿಲ್ಲ.

ದೊಡ್ಡಪ್ಪ: ಅದು ನನಗೆ ಹೊಳೆಯಲಿಲ್ಲ.

ನಾನು: ಅದನ್ನು ಕೆಮಿಸ್ಟ್ರಿಯಲ್ಲಿ ಮಾಡೋಕೆ ಸುಮಾರು 50 ಹಂತ ಬೇಕು ದೊಡ್ಡಪ್ಪ, ಬರೀ ಐದು ಸಕ್ಕರೆಯ ತುಂಡಿಗೆ. 2011ರಲ್ಲಿ ವಿಜ್ಞಾನಿಗಳಾದ ಜಿಯಾನ್ ಲಿಯು, ರಾಬರ್ಟ್ ಲಿನ್‌ಹಾರ್ಟ್ ಅವರ ತಂಡಗಳು ಕಿಣ್ವಗಳಿಂದ ಅಂಥದ್ದೇ ಚಿಕ್ಕ ಹೆಪಾರಿನ್‌ಗಳನ್ನು 10, 12 ಹಂತದಲ್ಲಿ ಮಾಡಿ ತೋರಿಸಿದವು. ನಿಮ್ಮ ನಂಬಿಕೆ ತಪ್ಪಲ್ಲ. ಕೆಲಸ ಹೋಗುತ್ತಿರೋದು ಆ ಕಡೆಗೇ. ನಾನು ಜಗಳ ಆಡುತ್ತಿರೋದು “ಬಂದಿದೆ” ಅನ್ನೋ ಒಂದು ಪದಕ್ಕೆ, “ನಿಲ್ಲಿಸಿ” ಅನ್ನೋ ಇನ್ನೊಂದು ಪದಕ್ಕೆ.

ದೊಡ್ಡಪ್ಪ: ಬ್ಯಾಕ್ಟೀರಿಯಾ ಒಳಗೇ ಸಲ್ಫೇಟ್ ಕೂರಿಸೋಕೆ ಆಗಲ್ವಾ? ಅದರಲ್ಲೂ ಗಂಧಕ ಇರುತ್ತದಲ್ಲ.

ನಾನು: ಸರಿಯಾದ ಜಾಗಕ್ಕೇ ಬಂದಿರಿ! ಇದೆ. ಸಲ್ಫೇಟ್ ಹೊತ್ತು ತರುವ ಅಣುವಿನ ಹೆಸರು ಪಿಎಪಿಎಸ್. ಇ. ಕೋಲೈ ಅದನ್ನು ಮಾಡಿಕೊಳ್ಳುತ್ತದೆ, ಆದರೆ ತನ್ನ ಅಮೈನೋ ಆಮ್ಲ ಸಿಸ್ಟೀನ್ ತಯಾರಿಸಲು ಕೂಡಲೇ ಖರ್ಚು ಮಾಡಿಬಿಡುತ್ತದೆ. 2021ರಲ್ಲಿ ಕೋಫಾಸ್ ಅನ್ನೋ ವಿಜ್ಞಾನಿಯ ತಂಡ ಆ ಖರ್ಚು ಮಾಡುವ ಜೀನನ್ನೇ ತೆಗೆದುಹಾಕಿತು. ಪಿಎಪಿಎಸ್ ಉಳಿಯಿತು. ಸಲ್ಫೇಟ್ ಕೂರಿಸುವ ಕಿಣ್ವದ ಜೀನ್ ಸೇರಿಸಿದರು. ಒಂದೇ ಕೋಶದೊಳಗೆ ಇ. ಕೋಲೈ ಸಲ್ಫೇಟ್ ಇರುವ ಕಾಂಡ್ರಾಯ್ಟಿನ್ ಮಾಡಿತು. ಸುಮಾರು ಶೇ 96 ಘಟಕಗಳಿಗೆ ಸಲ್ಫೇಟ್ ಕೂತಿತ್ತು.

ದೊಡ್ಡಪ್ಪ: ನೋಡಿದೆಯಾ! ಮತ್ತೆ?

ನಾನು: ಸಿಕ್ಕಿದ್ದು ಒಂದು ಗ್ರಾಂ ಒಣ ಕೋಶಕ್ಕೆ ಸುಮಾರು 27 ಮೈಕ್ರೋಗ್ರಾಂ.

ಚಿಕ್ಕಪ್ಪ: ಎಲ್ಲ ಓದುತ್ತಾ ಇದ್ದೆ. ನನಗೆ ಒಂದು ಸಲದ ಡಯಾಲಿಸಿಸ್‌ಗೆ ಎಷ್ಟು ಬೇಕು?

ಅಕ್ಕ: ಒಬ್ಬೊಬ್ಬರಿಗೆ ಒಂದೊಂದು ಥರ ಚಿಕ್ಕಪ್ಪ. ಅಂದಾಜು 5000 ಯೂನಿಟ್ ಇಟ್ಟುಕೊಳ್ಳಿ.

ನಾನು: ತೂಕದಲ್ಲಿ 25ರಿಂದ 30 ಮಿಲಿಗ್ರಾಂ. ಆ ಪ್ರಯೋಗದ ಲೆಕ್ಕ ಹಿಡಿದರೆ ನಿಮ್ಮ ಒಂದು ಸಲಕ್ಕೆ ಸುಮಾರು ಒಂದು ಕಿಲೋ ಒಣಗಿಸಿದ ಬ್ಯಾಕ್ಟೀರಿಯಾ ಬೇಕು. ಅದೂ ಕಾಂಡ್ರಾಯ್ಟಿನ್‌ನದು, ಒಂದು ಥರದ ಸಲ್ಫೇಟ್ ಸಾಕು ಅನ್ನುವಂಥದ್ದು. ಹೆಪಾರಿನ್ ಅದಕ್ಕಿಂತ ಎಷ್ಟೋ ಕಷ್ಟ. ಜಗತ್ತಿಗೆ ವರ್ಷಕ್ಕೆ ಬೇಕಾಗಿರೋದು ಸುಮಾರು 100 ಟನ್ ಹೆಪಾರಿನ್.

ಚಿಕ್ಕಪ್ಪ: ವಾರಕ್ಕೆ ಮೂರು ಸಲ ಅಂದರೆ ನನಗೇ ಮೂರು ಕಿಲೋ.

ನಾನು: ಹೌದು ಚಿಕ್ಕಪ್ಪ.

ಚಿಕ್ಕಪ್ಪ: ಈಗ ಅರ್ಥ ಆಯಿತು. ಆ ಫಾರ್ವರ್ಡ್ ನೋಡಿದಾಗಿನಿಂದ ನಾಳೆ ಹೋಗೋದಾ ಬೇಡವಾ ಅಂತ ಯೋಚಿಸುತ್ತಾ ಕೂತಿದ್ದೆ.

ದೊಡ್ಡಪ್ಪ: ಹೋಗು ತಮ್ಮ. ದಯವಿಟ್ಟು ಹೋಗು. ನನ್ನಿಂದ ತಪ್ಪಾಯಿತು.

ದೊಡ್ಡಪ್ಪ: ಇನ್ನೂ ಮೂರು ಗುಂಪಿಗೆ ಕಳಿಸಿದ್ದೆ. ಅಲ್ಲೂ ಅಳಿಸಿದೆ. ಅಳಿಸಿದರೆ ಮಾತ್ರ ಸಾಲದು, ಓದಿದವರು ಓದಿ ಆಗಿದೆ. ಹೀಗೆ ಹಾಕುತ್ತೇನೆ, ನೋಡು: “ಬ್ಯಾಕ್ಟೀರಿಯಾ ಈಗ ಹೆಪಾರಿನ್‌ನ ಬೆನ್ನೆಲುಬು ಮಾಡುತ್ತಿದೆ. ಸಲ್ಫೇಟ್ ಕೂರಿಸುವ ಕೆಲಸ ಲ್ಯಾಬಿನಲ್ಲಿ ನಡೆಯುತ್ತಿದೆ. ಆಸ್ಪತ್ರೆಗೆ ಬಂದಿಲ್ಲ. ಈಗ ಕೊಡುತ್ತಿರುವ ಹೆಪಾರಿನ್ ನಿಲ್ಲಿಸಬೇಡಿ.”

ನಾನು: ಕೊನೆಯ ವಾಕ್ಯವನ್ನು ಮೊದಲಿಗೆ ತನ್ನಿ ದೊಡ್ಡಪ್ಪ. ಉಳಿದದ್ದು ಹಾಗೇ ಇರಲಿ.

ಅಣ್ಣ: “ಆಸ್ಪತ್ರೆಗೆ ಇನ್ನೂ ಬಂದಿಲ್ಲ” ಅಂತ ಹಾಕಿ. “ಇನ್ನೂ” ಇರಲಿ.

ದೊಡ್ಡಪ್ಪ: ಹಾಕಿದೆ.

ಚಿಕ್ಕಮ್ಮ: ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಮುಗಿದ ಮೇಲೆ ಫಿಲ್ಟರ್ ತಿಳಿಯಾಗಿದೆಯಾ ಅಂತ ನಾನೇ ನೋಡಿ ಹೇಳುತ್ತೇನೆ.