ಪೆಟ್ಟಿಗೆಯಲ್ಲಿ ಬಣ್ಣ ಇದೆ, ಟಿವಿಗೆ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಎರಡು ಫೋಟೊಗಳನ್ನೂ ಕೆಳಗೆ ಬರೆದ ಪ್ರಶ್ನೆಯನ್ನೂ ನಿಧಾನವಾಗಿ ನೋಡಿದೆ. ಭಾವ 2005ರಲ್ಲಿ ಅಮೆರಿಕದಿಂದ ಬರುವಾಗ ತಂದಿದ್ದ ಪ್ಲೇಸ್ಟೇಷನ್ 2 ಎಂಬ ವಿಡಿಯೊ ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಹೊಸ ಟಿವಿಗೆ ಜೋಡಿಸಿದ್ದೀಯೆ. ಹಳದಿ ಪಿನ್ನಿನ ಕೇಬಲ್‌ನಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬರುತ್ತಿದೆ, ಐದು ಪಿನ್ನಿನ ಕೇಬಲ್‌ನಲ್ಲಿ ಬಿಳಿಯಾಗಿರಬೇಕಾದ ಜಾಗವೆಲ್ಲ ಗುಲಾಬಿಯಾಗಿ ಕಾಣುತ್ತಿದೆ, ತೋರಿಸಿದ ಅಂಗಡಿಯವರು ಒಳಗಿನ ಬೋರ್ಡು ಕೆಟ್ಟಿದೆ, ಬಿಸಾಡಿ ಎಂದಿದ್ದಾರೆ. ದಯವಿಟ್ಟು ಬಿಸಾಡಬೇಡ. ನೀನು ಹೇಳಿದ ಎರಡು ಲಕ್ಷಣಗಳೂ ಬೋರ್ಡು ಕೆಟ್ಟದ್ದರ ಲಕ್ಷಣಗಳಲ್ಲ. ಬಣ್ಣ ಆ ಪೆಟ್ಟಿಗೆಯಿಂದ ಸರಿಯಾಗಿಯೇ ಹೊರಡುತ್ತಿದೆ, ಟಿವಿ ಅದನ್ನು ಬೇರೆ ಏನೋ ಎಂದು ಓದುತ್ತಿದೆ ಎಂದೇ ನನಗೆ ಅನಿಸುತ್ತದೆ. ಹದಿನೈದು ವರ್ಷ ಟಿವಿ ರಿಪೇರಿಯ ಮೇಜಿನ ಮುಂದೆ ಕುಳಿತವನಾದ್ದರಿಂದ, ಏನು ಮಾಡಬೇಕು ಎನ್ನುವುದರ ಜೊತೆಗೆ ಯಾಕೆ ಹಾಗೆ ಎನ್ನುವುದನ್ನೂ ಹೇಳುತ್ತೇನೆ. ಯಾಕೆ ಎಂದು ತಿಳಿದರೆ ಮುಂದಿನ ಸಲ ನೀನೇ ಸರಿಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ಕರೆಂಟಿನ ಮಾತು. ಅಮೆರಿಕದ ಪೆಟ್ಟಿಗೆ ಅಲ್ಲಿನ 120 ವೋಲ್ಟಿಗೆ ಮಾಡಿದ್ದು, ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್. ಭಾವ ಅಂದೇ ತಂದುಕೊಂಡಿದ್ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಜೋಡಿಸಿದ್ದೀಯೆ ಎಂದು ಫೋಟೊದಲ್ಲಿ ಕಂಡಿತು, ಅದನ್ನು ಹಾಗೆಯೇ ಮುಂದುವರಿಸು. ಪೆಟ್ಟಿಗೆಯ ಹಿಂದೆ ಅಥವಾ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನೇರವಾಗಿ ಗೋಡೆಗೆ ಹಾಕಬಹುದು.

ಈಗ ಕಪ್ಪು ಬಿಳುಪಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ 1953ರ ಡಿಸೆಂಬರಿನಲ್ಲಿ ಬಣ್ಣದ ಟಿವಿಯ ಎನ್‌ಟಿಎಸ್‌ಸಿ ಪದ್ಧತಿಗೆ ಒಪ್ಪಿಗೆ ಸಿಕ್ಕಾಗ ಜನರ ಮನೆಗಳಲ್ಲಿ ಇದ್ದದ್ದೆಲ್ಲ ಕಪ್ಪು ಬಿಳುಪಿನ ಸೆಟ್ಟುಗಳು. ಅವು ಒಂದೇ ದಿನದಲ್ಲಿ ನಿಷ್ಪ್ರಯೋಜಕವಾಗಬಾರದು ಎಂಬ ಕಾರಣಕ್ಕೆ ಎಂಜಿನಿಯರುಗಳು ಹೊಳಪಿನ ಸಂಕೇತವನ್ನು ಮೊದಲು ಇದ್ದಂತೆಯೇ ಉಳಿಸಿ, ಬಣ್ಣವನ್ನು ಮಾತ್ರ ಒಂದು ಪುಟ್ಟ ಅಲೆಯ ಮೇಲೆ ಕೂರಿಸಿ ಅದರೊಳಗೇ ಸೇರಿಸಿದರು. ಹಳೆಯ ಸೆಟ್ಟು ಆ ಅಲೆಯನ್ನು ಲೆಕ್ಕಿಸದೆ ಕಪ್ಪು ಬಿಳುಪಿನ ಚಿತ್ರ ತೋರಿಸುತ್ತಿತ್ತು, ಹೊಸ ಸೆಟ್ಟು ಅದೇ ಅಲೆಯನ್ನು ಹೆಕ್ಕಿ ಬಣ್ಣ ತುಂಬುತ್ತಿತ್ತು. ನಿನ್ನ ಹಳದಿ ಪಿನ್ನಿನಲ್ಲಿ, ಅಂದರೆ ಕಾಂಪೊಸಿಟ್ ಕೇಬಲ್‌ನಲ್ಲಿ, ಇಂದಿಗೂ ಹರಿಯುವುದು ಇದೇ ಬೆರಕೆ ಸಂಕೇತ. ಹೊಳಪು ಮುಟ್ಟಿ ಬಣ್ಣ ಮಾತ್ರ ಮುಟ್ಟದಿದ್ದಾಗ ಚಿತ್ರ ಪೂರ್ತಿಯಾಗಿ ಮಾಯವಾಗುವುದಿಲ್ಲ, ಕಪ್ಪು ಬಿಳುಪಾಗಿ ಉಳಿಯುತ್ತದೆ. ಬಣ್ಣ ಎಲ್ಲಿ ತಪ್ಪಿತು ಎಂಬುದನ್ನಷ್ಟೇ ನಾವು ಹುಡುಕಬೇಕು.

ಅದು ತಪ್ಪುವ ಮೊದಲ ಜಾಗ ನಿನ್ನ ಟಿವಿಯ ಹಿಂಭಾಗದಲ್ಲೇ ಇದೆ. ಹಳೆಯ ಸೆಟ್ಟುಗಳಲ್ಲಿ ಹಳದಿಗೆ ಒಂದು ತೂತು, ಹಸಿರು, ನೀಲಿ, ಕೆಂಪಿಗೆ ಬೇರೆ ಮೂರು ತೂತುಗಳು ಇರುತ್ತಿದ್ದವು. ಈಗಿನ ಅನೇಕ ಟಿವಿಗಳಲ್ಲಿ ಜಾಗ ಉಳಿಸಲು ಹಳದಿಯನ್ನೂ ಹಸಿರನ್ನೂ ಒಂದೇ ತೂತಿಗೆ ಸೇರಿಸಿರುತ್ತಾರೆ. ನೀನು ಕಳಿಸಿದ ಫೋಟೊದಲ್ಲಿ ಹಸಿರು ತೂತಿನ ಸುತ್ತ ಅರ್ಧ ಹಳದಿ ಬಳೆ ಕಾಣುತ್ತದೆಯಲ್ಲ, ಅದರ ಅರ್ಥ ಇದೇ. ಹಳದಿ ಪಿನ್ನನ್ನು ಅದರೊಳಗೆ ಹಾಕಿ, ರಿಮೋಟಿನಲ್ಲಿ ಸೋರ್ಸ್ ಅನ್ನು ಕಾಂಪೊನೆಂಟ್, ಅಂದರೆ ಐದು ಪಿನ್ನಿನ ಕೇಬಲ್, ಎಂದು ಇಟ್ಟರೆ, ಟಿವಿ ಆ ತಂತಿಯಲ್ಲಿ ಬರುವುದು ಬರೀ ಹೊಳಪು ಎಂದು ನಂಬಿ, ಬಣ್ಣಕ್ಕಾಗಿ ಖಾಲಿ ಇರುವ ನೀಲಿ ಮತ್ತು ಕೆಂಪು ತೂತುಗಳನ್ನು ನೋಡುತ್ತಾ ಕೂರುತ್ತದೆ. ಹೀಗಾಗಿದೆಯೇ ಎಂದು ತಿಳಿಯಲು ಪರದೆಯ ಹತ್ತಿರ ಹೋಗಿ, ಗಾಢ ಬಣ್ಣ ಇರಬೇಕಾದ ಜಾಗವನ್ನು ದಿಟ್ಟಿಸಿ ನೋಡು. ಅಲ್ಲಿ ಸಣ್ಣ ಚುಕ್ಕಿಗಳ ಜಾಲರಿ ಕಂಡರೆ, ಟಿವಿ ಬಿಡಿಸದೆ ಬಿಟ್ಟ ಬಣ್ಣದ ಅಲೆಯೇ ನಿನ್ನ ಕಣ್ಣಿಗೆ ಬೀಳುತ್ತಿದೆ ಎಂದರ್ಥ. ಸೋರ್ಸ್ ಅನ್ನು ಎವಿ, ಅಂದರೆ ಹಳದಿ ಪಿನ್ನಿನ ಕಾಂಪೊಸಿಟ್, ಎಂದು ಬದಲಿಸು. ಕೆಲವು ಟಿವಿಗಳು ಯಾವ ಪಿನ್ ಹಾಕಿದೆ ಎಂದು ತಾವೇ ಗುರುತಿಸುತ್ತವೆ, ಅಂಥವುಗಳಲ್ಲಿ ನೀಲಿ ಮತ್ತು ಕೆಂಪು ವಿಡಿಯೊ ತೂತುಗಳಲ್ಲಿ ಏನೂ ಸಿಕ್ಕಿಸಿರಬಾರದು. ಎಷ್ಟೋ ಮನೆಗಳಲ್ಲಿ ನಾನು ಮಾಡಿದ ಸರಿಪಡಿಕೆ ಇಷ್ಟೇ ಆಗಿತ್ತು.

ಸೋರ್ಸ್ ಬದಲಿಸಿದ ಮೇಲೂ ಬಣ್ಣ ಬರದಿದ್ದರೆ ಎರಡನೆಯ ಕಾರಣ ನೋಡಬೇಕು, ಅಮೆರಿಕದ ಪೆಟ್ಟಿಗೆಗೂ ನಮ್ಮ ದೇಶಕ್ಕೂ ಇರುವ ಅಂತರ ಅದು. ಎನ್‌ಟಿಎಸ್‌ಸಿಯಲ್ಲಿ ಬಣ್ಣದ ಅಲೆಯ ಕಂಪನ 3.58 ಮೆಗಾಹರ್ಟ್ಸ್, ಒಂದು ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ ಸುಮಾರು 60 ಬಾರಿ ಪರದೆ ತುಂಬುತ್ತದೆ. ನಾವು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣದ ಪ್ರಸಾರಕ್ಕೆ ಆರಿಸಿಕೊಂಡದ್ದು ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ವಾಲ್ಟರ್ ಬ್ರೂಖ್ ಅವರು ರೂಪಿಸಿದ ಪಾಲ್ ಪದ್ಧತಿಯನ್ನು. ಅದರಲ್ಲಿ ಬಣ್ಣದ ಅಲೆ 4.43 ಮೆಗಾಹರ್ಟ್ಸ್, ಗೆರೆ 625, ಸೆಕೆಂಡಿಗೆ 50 ಬಾರಿ. ಎರಡೂ ಪದ್ಧತಿಗಳಲ್ಲಿ ಪ್ರತಿ ಗೆರೆಯ ಆರಂಭದಲ್ಲಿ, ಚಿತ್ರ ಶುರುವಾಗುವ ಮುಂಚೆ, ಬಣ್ಣದ ಅಲೆಯ ಒಂಬತ್ತು ಹತ್ತು ಸುತ್ತುಗಳ ತುಣುಕೊಂದು ಬರುತ್ತದೆ. ಹಾಡುವವರಿಗೆ ತಂಬೂರಿ ಶ್ರುತಿ ಕೊಟ್ಟಂತೆ, ಟಿವಿಯ ಬಣ್ಣದ ವಿಭಾಗ ಆ ತುಣುಕಿಗೆ ತನ್ನ ಶ್ರುತಿ ಸೇರಿಸಿಕೊಳ್ಳುತ್ತದೆ. ಶ್ರುತಿ ಸೇರದಿದ್ದರೆ ಅಡ್ಡಾದಿಡ್ಡಿ ಬಣ್ಣ ತೋರಿಸುವುದಕ್ಕಿಂತ ಬಣ್ಣವನ್ನೇ ನಿಲ್ಲಿಸುವುದು ಲೇಸೆಂದು, ಕಲರ್ ಕಿಲ್ಲರ್ ಎಂಬ ವ್ಯವಸ್ಥೆ ಬಣ್ಣವನ್ನು ಮುಚ್ಚಿಬಿಡುತ್ತದೆ.

ಇಂದಿನ ಟಿವಿಗಳಲ್ಲಿ ಹೆಚ್ಚಿನವು ಎರಡೂ ಪದ್ಧತಿಗಳನ್ನು ಬಲ್ಲವು, ಆದರೆ ಸೆಟ್ಟಿಂಗ್ ಪಾಲ್ ಎಂದು ನಿಂತಿದ್ದರೆ ಎನ್‌ಟಿಎಸ್‌ಸಿ ಬಂದಾಗ ಚಿತ್ರ ಸಿಕ್ಕಿ ಬಣ್ಣ ಸಿಗುವುದಿಲ್ಲ. ಆದ್ದರಿಂದ ಪ್ಲೇಸ್ಟೇಷನ್ ಚಾಲೂ ಇರುವಾಗಲೇ, ಎವಿ ಸೋರ್ಸ್‌ನಲ್ಲಿ ಇದ್ದುಕೊಂಡೇ ಮೆನು ತೆರೆದು, ಕಲರ್ ಸಿಸ್ಟಮ್ ಎಂಬುದನ್ನು ಹುಡುಕಿ ಆಟೊ ಅಥವಾ ಎನ್‌ಟಿಎಸ್‌ಸಿ 3.58 ಎಂದು ಇಡು. ಚಾಲೂ ಇರುವಾಗಲೇ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಸಂಕೇತ ಬಾರದಿದ್ದರೆ ಎಷ್ಟೋ ಟಿವಿಗಳಲ್ಲಿ ಆ ಆಯ್ಕೆ ಮಂಕಾಗಿ, ಒತ್ತಲಾಗದಂತೆ ಇರುತ್ತದೆ. ಅನುಮಾನ ಉಳಿದರೆ ಮನೆಯ ಹಳೆಯ ಡಿವಿಡಿ ಪ್ಲೇಯರ್ ಅಥವಾ ಸೆಟ್‌ಟಾಪ್ ಬಾಕ್ಸನ್ನು ಹಳದಿ ಪಿನ್ನಿನಿಂದ ಅದೇ ತೂತಿಗೆ ಜೋಡಿಸು. ಅದು ಪಾಲ್‌ನಲ್ಲಿ ಬಣ್ಣ ತೋರಿಸಿ ಪ್ಲೇಸ್ಟೇಷನ್ ಮಾತ್ರ ತೋರಿಸದಿದ್ದರೆ ಕೊರತೆ ಪದ್ಧತಿಯದ್ದು ಎಂದು ಖಚಿತವಾಗುತ್ತದೆ.

ಇಲ್ಲಿ ದೊಡ್ಡಣ್ಣನ ಮನೆಯಲ್ಲಿರುವ ಹಳೆಯ ಪ್ಲೇಸ್ಟೇಷನ್ 1ರ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಅದರ ರೋಗ ನೋಡಲು ಇದೇ ಥರ, ಮದ್ದು ಮಾತ್ರ ಬೇರೆ. ಅದು ಪಾಲ್ ಪೆಟ್ಟಿಗೆ, ಒಳಗೆ ಚಿಪ್ ಹಾಕಿಸಿ ಅಮೆರಿಕದ ಡಿಸ್ಕುಗಳನ್ನು ಓಡಿಸುತ್ತಿದ್ದರು. ಅಂಥ ಅನೇಕ ಪೆಟ್ಟಿಗೆಗಳಲ್ಲಿ ಬಣ್ಣದ ಅಲೆ ಹುಟ್ಟುವುದು ಒಳಗಿನ 53.2 ಮೆಗಾಹರ್ಟ್ಸ್ ಗಡಿಯಾರದಿಂದ, ಅಂದರೆ ನಿಗದಿತ ಕಂಪನ ಕೊಡುವ ಭಾಗದಿಂದ. ಎನ್‌ಟಿಎಸ್‌ಸಿ ಆಟ ಓಡುವಾಗ ಅದನ್ನು 15ರಿಂದ ಭಾಗಿಸಿದರೆ ಬರುವುದು ಸುಮಾರು 3.547 ಮೆಗಾಹರ್ಟ್ಸ್, ಬೇಕಾದದ್ದು 3.5795. ವ್ಯತ್ಯಾಸ ಚಿಕ್ಕದೆಂದು ಕಂಡರೂ ಅದು ಸುಮಾರು 33 ಕಿಲೊಹರ್ಟ್ಸ್, ಅಷ್ಟು ದೂರ ಸರಿದ ಶ್ರುತಿಯನ್ನು ಯಾವ ಟಿವಿಯೂ ಹಿಡಿಯಲಾರದು. ಅಲ್ಲಿ ಟಿವಿಯ ಮೆನುವಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಸರಿಯಾದ ಕಂಪನ ಕೊಡುವ ಬೇರೊಂದು ಆಸಿಲೇಟರನ್ನು ಒಳಗೆ ಕೂರಿಸಬೇಕು, ಇಲ್ಲವೇ ಬಣ್ಣದ ಅಲೆಯನ್ನೇ ಬಳಸದೆ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತಂತಿಗಳಲ್ಲಿ ಕಳಿಸುವ ಆರ್‌ಜಿಬಿ ಕೇಬಲ್‌ಗೆ ಹೋಗಬೇಕು. ಅದನ್ನು ಮುಂದಿನ ಸಲ ನಾನೇ ಬಂದಾಗ ನೋಡುತ್ತೇನೆ.

ಇನ್ನು ನಿನ್ನ ಎರಡನೆಯ ಫೋಟೊ, ಆ ಗುಲಾಬಿ ಚಿತ್ರ. ಅದನ್ನು ಕಂಡು ನನಗೆ ಸಂತೋಷವಾಯಿತು, ಏಕೆಂದರೆ ಅಷ್ಟು ಸ್ಪಷ್ಟವಾಗಿ ತನ್ನ ಕಾರಣವನ್ನು ತಾನೇ ಹೇಳುವ ದೋಷ ಅಪರೂಪ. ಐದು ಪಿನ್ನಿನ ಕೇಬಲ್‌ನ ಹಸಿರು, ನೀಲಿ, ಕೆಂಪು ಎಂಬ ಗುರುತುಗಳು ನೋಡುವವರನ್ನು ದಾರಿ ತಪ್ಪಿಸುತ್ತವೆ. ಟಿವಿ ಆ ತೂತುಗಳಲ್ಲಿ ನಿರೀಕ್ಷಿಸುವುದು ಹಸಿರು, ನೀಲಿ, ಕೆಂಪನ್ನೇ ಅಲ್ಲ. ಹಸಿರು ಪಿನ್ನಿನಲ್ಲಿ ಒಟ್ಟು ಹೊಳಪು ಬರಬೇಕು, ಹಳೆಯ ಲೆಕ್ಕದಂತೆ ಅದರಲ್ಲಿ ಹಸಿರಿನ ಪಾಲು ಶೇಕಡ 58.7, ಕೆಂಪಿನದ್ದು 29.9, ನೀಲಿಯದ್ದು 11.4. ನೀಲಿ ಪಿನ್ನಿನಲ್ಲಿ ನೀಲಿಗೂ ಹೊಳಪಿಗೂ ಇರುವ ವ್ಯತ್ಯಾಸ ಬರಬೇಕು, ಕೆಂಪಿನಲ್ಲಿ ಕೆಂಪಿಗೂ ಹೊಳಪಿಗೂ ಇರುವ ವ್ಯತ್ಯಾಸ. ಪ್ಲೇಸ್ಟೇಷನ್ 2ರಲ್ಲಿ ಅದೇ ಕೇಬಲ್‌ನಿಂದ ನೇರ ಆರ್‌ಜಿಬಿಯನ್ನು ಕಳಿಸುವ ಆಯ್ಕೆಯೂ ಇದೆ, ನಿನ್ನದು ಆ ಆಯ್ಕೆಯಲ್ಲಿ ನಿಂತಿದೆ. ಕಪ್ಪು ಜಾಗದಲ್ಲಿ ಮೂರೂ ಸೊನ್ನೆಯಾದ್ದರಿಂದ ಕಪ್ಪು ಕಪ್ಪಾಗಿಯೇ ಇರುತ್ತದೆ. ಬಿಳಿಯಲ್ಲಾದರೋ ವ್ಯತ್ಯಾಸ ಸೊನ್ನೆ ಇರಬೇಕಾದ ಎರಡು ತಂತಿಗಳಲ್ಲಿ ನೀಲಿಯೂ ಕೆಂಪೂ ಪೂರ್ಣವಾಗಿ ಬರುತ್ತವೆ, ಟಿವಿ ಅದನ್ನು ನೀಲಿಯೂ ಕೆಂಪೂ ಅತಿಯಾಗಿದೆ ಎಂದು ಓದಿ ಗುಲಾಬಿ ಬಳಿಯುತ್ತದೆ. ಮದ್ದು ಬಹಳ ಸುಲಭ. ಡಿಸ್ಕ್ ಹಾಕದೆ ಪೆಟ್ಟಿಗೆಯನ್ನು ಚಾಲೂ ಮಾಡಿ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ, ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಬಿಟ್ಟು ವೈ, ಸಿಬಿ, ಸಿಆರ್ ಎಂದು ಬರೆದಿರುವುದನ್ನು ಆರಿಸು. ಆ ಕ್ಷಣದಲ್ಲೇ ಬಣ್ಣ ಸರಿಯಾಗುತ್ತದೆ.

ಈ ಎರಡು ದಾರಿಗಳಲ್ಲಿ ಐದು ಪಿನ್ನಿನದ್ದೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಂಪೊನೆಂಟಿನಲ್ಲಿ ಬಣ್ಣದ ಅಲೆಯೇ ಇಲ್ಲ, ಆದ್ದರಿಂದ ಶ್ರುತಿ ಸೇರಿಸುವ ಪ್ರಶ್ನೆಯೂ ಇಲ್ಲ, ಪಾಲ್ ಎನ್‌ಟಿಎಸ್‌ಸಿಗಳ ಬಣ್ಣದ ಜಗಳವೂ ಇಲ್ಲ. ಅಕ್ಷರಗಳ ಅಂಚಿನಲ್ಲಿ ಹರಿದಾಡುವ ಚುಕ್ಕಿಗಳೂ ಸಣ್ಣ ಗೆರೆಗಳ ಮೇಲೆ ಮೂಡುವ ಕಾಮನಬಿಲ್ಲೂ ಹೋಗುತ್ತವೆ. ಒಂದೇ ಎಚ್ಚರಿಕೆ ಎಂದರೆ, ಪ್ಲೇಸ್ಟೇಷನ್ 1ರ ಡಿಸ್ಕನ್ನು ನಿನ್ನ ಪ್ಲೇಸ್ಟೇಷನ್ 2ರಲ್ಲಿ ಹಾಕಿದರೆ ಸಾಮಾನ್ಯವಾಗಿ 240 ಗೆರೆಗಳ ಚಿತ್ರ ಹೊರಡುತ್ತದೆ. ಕೆಲವು ಹೊಸ ಟಿವಿಗಳು ಕಾಂಪೊನೆಂಟಿನಲ್ಲಿ ಅದನ್ನು ಸ್ವೀಕರಿಸದೆ ಸಂಕೇತವಿಲ್ಲ ಎನ್ನುತ್ತವೆ. ಆಗ ಗಾಬರಿಯಾಗದೆ ಆ ಆಟಕ್ಕೆ ಮಾತ್ರ ಹಳದಿ ಪಿನ್ನಿಗೆ ಮರಳು.

ಚಿಕ್ಕಮ್ಮ ಕೇಳಿದ ಎಚ್‌ಡಿಎಂಐ ಪೆಟ್ಟಿಗೆಯ, ಅಂದರೆ ಹಳೆಯ ಸಂಕೇತವನ್ನು ಹೊಸ ಟಿವಿಯ ಎಚ್‌ಡಿಎಂಐ ತೂತಿಗೆ ಹೊಂದಿಸುವ ಪರಿವರ್ತಕದ, ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಅವರ ಟಿವಿಯಲ್ಲಿ ಬಣ್ಣದ ತೂತುಗಳೇ ಇಲ್ಲದಿದ್ದರೆ ಅದು ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಳ್ಳುವಾಗ ಪಾಲ್ ಮತ್ತು ಎನ್‌ಟಿಎಸ್‌ಸಿ ಎರಡನ್ನೂ ತೆಗೆದುಕೊಳ್ಳುತ್ತದೆ ಎಂದು ಬರೆದಿರುವುದನ್ನೇ ನೋಡಿ, ಅಂಗಡಿಯಲ್ಲೇ ಜೋಡಿಸಿ ಪರೀಕ್ಷಿಸಿಕೊಳ್ಳಿ. ಪ್ಲೇಸ್ಟೇಷನ್ 2ರ ಹಿಂಭಾಗಕ್ಕೆ ನೇರವಾಗಿ ಸಿಕ್ಕಿಸುವ ಪುಟ್ಟ ಪರಿವರ್ತಕಗಳಿಗೂ ಮೇಲೆ ಹೇಳಿದ ಅದೇ ಕಾಂಪೊನೆಂಟ್ ಸೆಟ್ಟಿಂಗ್ ಸರಿಯಿರಬೇಕು. ಬಣ್ಣ ಬಂದರೂ ಕಪ್ಪು ಬೂದಿಯಂತೆ ತೊಳೆದು ಹೋಗಿದ್ದರೆ, ಅಥವಾ ಕತ್ತಲೆಯ ದೃಶ್ಯಗಳಲ್ಲಿ ಏನೂ ಕಾಣದಿದ್ದರೆ, ಪರಿವರ್ತಕ ಕಳಿಸುವ ಅಂಕಿಗಳ ಮಿತಿಯೂ ಟಿವಿ ಊಹಿಸಿದ ಮಿತಿಯೂ ಹೊಂದಿಲ್ಲ ಎಂದರ್ಥ. ಒಂದು ಕಡೆ ಕಪ್ಪು ಎಂದರೆ 16, ಬಿಳಿ ಎಂದರೆ 235, ಇನ್ನೊಂದು ಕಡೆ 0 ಮತ್ತು 255. ಟಿವಿಯ ಮೆನುವಿನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಥವಾ ಆರ್‌ಜಿಬಿ ರೇಂಜ್ ಎಂಬುದನ್ನು ಬದಲಿಸಿ ನೋಡಿ. ವಿವಿಡ್ ಎಂಬ ಪಿಕ್ಚರ್ ಮೋಡನ್ನು ಮಾತ್ರ ಬಿಟ್ಟುಬಿಡಿ, ಅದು ಹಳೆಯ ಆಟಗಳ ಮುಖಗಳನ್ನೆಲ್ಲ ಕೆಂಪೇರಿಸುತ್ತದೆ.

ಮಾವ ಕೇಳಿದ ಕ್ಯಾಸೆಟ್ ಹಾಕುವ ಟಿವಿ ಗೇಮಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಸಿಗುತ್ತಿದ್ದ ಅಂಥವುಗಳಲ್ಲಿ ಬಹಳಷ್ಟು ನಿಂಟೆಂಡೊ ಯಂತ್ರದ ನಕಲುಗಳು. ಅವುಗಳ ಚಿತ್ರದ ಚಿಪ್ಪು ನೇರವಾಗಿ ಕಾಂಪೊಸಿಟ್ ಸಂಕೇತವನ್ನೇ ಹುಟ್ಟಿಸುತ್ತದೆ, ಒಳಗೆ ಎಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಬೇರೆ ತಂತಿಗಳಿಲ್ಲ. ಹಾಗಾಗಿ ಅಂದಿನ ಆಕಾಶದ ನೀಲಿ ಇಂದಿನ ಟಿವಿಯಲ್ಲಿ ಸ್ವಲ್ಪ ನೇರಳೆಯಾಗಿ ಕಂಡರೆ ಅದು ಯಂತ್ರದ ತಪ್ಪಲ್ಲ, ಬಿಡಿಸುವ ಟಿವಿಯ ರೀತಿ ಬೇರೆ. ಆಂಟೆನಾ ತಂತಿಯಿಂದಲೇ ಜೋಡಿಸುವುದಾದರೆ, ಟಿವಿಯಲ್ಲಿ ಅನಲಾಗ್ ಚಾನೆಲ್ ಹುಡುಕುವ ಸೌಲಭ್ಯ ಇರಬೇಕು, ಸಿಕ್ಕ ಚಾನೆಲನ್ನು ಫೈನ್ ಟ್ಯೂನ್ ಮಾಡಬೇಕು. ಬಣ್ಣದ ಅಲೆ ಚಾನೆಲಿನ ಮೇಲಿನ ಅಂಚಿನ ಹತ್ತಿರ ಕೂತಿರುತ್ತದೆ, ಟ್ಯೂನಿಂಗ್ ಕೂದಲೆಳೆಯಷ್ಟು ಸರಿದರೂ ಚಿತ್ರ ಉಳಿದು ಬಣ್ಣ ಮೊದಲು ಹೋಗುತ್ತದೆ. ಅಜ್ಜನ ಮನೆಯಲ್ಲಿ ಅಪ್ಪ ಆ ಪುಟ್ಟ ತಿರುಗಣೆಯನ್ನು ಉಗುರಿನಲ್ಲಿ ಹಿಡಿದು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದದ್ದು ಇದಕ್ಕಾಗಿಯೇ.

ಕೊನೆಯದಾಗಿ ಒಂದು ಎಚ್ಚರ. ಒಂದೇ ಹಳದಿ ತಂತಿಯನ್ನು ವೈ ಆಕಾರದ ಜೋಡಣೆಯಿಂದ ಎರಡು ಟಿವಿಗಳಿಗೆ ಹಂಚಬೇಡಿ. ಸಂಕೇತ ಒಂದು ವೋಲ್ಟಿನದ್ದು, ಪ್ರತಿ ಟಿವಿಯೂ 75 ಓಮ್ ಭಾರ ಹೇರುತ್ತದೆ. ಎರಡು ಸೇರಿದರೆ ಸಂಕೇತ ಮೂರರಲ್ಲಿ ಎರಡು ಪಾಲಿಗೆ ಇಳಿದು ಚಿತ್ರ ಮಂಕಾಗುತ್ತದೆ.

ಪುಟ್ಟಿ, ಇಂದು ಸಂಜೆ ಮೊದಲು ಐದು ಪಿನ್ನಿನ ಕೇಬಲ್ ಹಾಕಿ ಕಾಂಪೊನೆಂಟ್ ಸೆಟ್ಟಿಂಗ್ ಬದಲಿಸು. ಆಮೇಲೆ ಹಳದಿ ಪಿನ್ನನ್ನು ಎವಿ ಸೋರ್ಸ್‌ನಲ್ಲಿ ಪರೀಕ್ಷಿಸು. ಎರಡರಲ್ಲಿ ಯಾವುದಾದರೂ ಸರಿಬಾರದಿದ್ದರೆ ಟಿವಿಯ ಹಿಂಭಾಗದ ಮಾಡೆಲ್ ಚೀಟಿ, ಕಲರ್ ಸಿಸ್ಟಮ್ ಮೆನು, ಇವೆರಡರ ಫೋಟೊ ತೆಗೆದು ಇಲ್ಲೇ ಹಾಕು. ರಾತ್ರಿ ಒಂಬತ್ತರ ನಂತರ ನಾನು ಮನೆಯಲ್ಲಿರುತ್ತೇನೆ, ವಿಡಿಯೊ ಕರೆಯಲ್ಲಿ ಜೊತೆಗೆ ಕುಳಿತೇ ನೋಡೋಣ.