ನ್ಯಾವ್ ಒತ್ತಿದರೂ ತಿರುಗುವುದಿಲ್ಲ, ಆಲ್ಟ್ ಒತ್ತಿದರೆ ಅಲ್ಲೇ ನಿಲ್ಲುತ್ತದೆ: ಆಟೊಪೈಲಟ್ ಕಲಿಯುವ ಕ್ರಮ ಯಾವುದು?

ಮುಳ್ಳುಗಡಿಯಾರ:
ಮುಳ್ಳಿನ ಮೀಟರುಗಳಿದ್ದ ವಿಮಾನದಲ್ಲಿ ಕಲಿತು ಈಗ ಜಿ1000 ಪರದೆ, ಜಿಎಫ್‌ಸಿ 700 ಆಟೊಪೈಲಟ್ ಇರುವ ಸೆಸ್ನಾ 172ಎಸ್‌ಗೆ ಬಂದಿದ್ದೇನೆ. ಕೈಯಲ್ಲಿ ಹಾರಿಸುವುದಕ್ಕೆ ತೊಂದರೆ ಇಲ್ಲ. ಆಟೊಪೈಲಟ್ ಹಾಕಿದ ಮೇಲೆ ಮೂರು ಗೊಂದಲ.

ಒಂದು, ಫ್ಲೈಟ್ ಪ್ಲಾನ್ ಹಾಕಿ ನ್ಯಾವ್ (ಹಾಕಿದ ದಾರಿ ಹಿಡಿಯುವ ಗುಂಡಿ) ಒತ್ತಿದರೂ ಒಮ್ಮೊಮ್ಮೆ ವಿಮಾನ ಇದ್ದ ದಿಕ್ಕಿನಲ್ಲೇ ಹೋಗುತ್ತಿರುತ್ತದೆ. ಎರಡು, 6,500 ಅಡಿ ಸೆಟ್ ಮಾಡಿ ಏರುವಾಗ ಆಲ್ಟ್ (ಎತ್ತರದ ಗುಂಡಿ) ಒತ್ತಿದರೆ 4,200ರಲ್ಲೇ ಮಟ್ಟವಾಗಿಬಿಡುತ್ತದೆ. ಮೂರು, ಆಟೊಪೈಲಟ್ ತೆಗೆದ ಕ್ಷಣ ಮೂಗು ಥಟ್ಟನೆ ಮೇಲೇಳುತ್ತದೆ. ಯಾವ ಗುಂಡಿ ಏನು ಮಾಡುತ್ತದೆ ಅಂತ ಮ್ಯಾನ್ಯುಅಲ್‌ನಲ್ಲಿದೆ, ಯಾವುದನ್ನು ಮೊದಲು ಕಲಿಯಬೇಕು ಅಂತ ಇಲ್ಲ.

ಎಡಸೀಟು:
ಮೊದಲೆರಡೂ ಒಂದೇ ಕಾಯಿಲೆ: ಗುಂಡಿ ಒತ್ತಿ, ಗುಂಡಿಯನ್ನೇ ನಂಬುವುದು. ಒತ್ತುವುದು ಬರೀ ಕೋರಿಕೆ. ಆಟೊಪೈಲಟ್ ಅದನ್ನು ಒಪ್ಪಿತೋ ಇಲ್ಲವೋ ಅಂತ ಹೇಳುವುದು ಪಿಎಫ್‌ಡಿಯ (ಪೈಲಟ್ ಎದುರಿನ ಮುಖ್ಯ ಪರದೆಯ) ಮೇಲ್ಭಾಗದ ಪಟ್ಟಿ. ಅದರ ಎಡಕ್ಕೆ ದಿಕ್ಕಿನ ಮೋಡ್, ನಡುವೆ ಎಪಿ (ಆಟೊಪೈಲಟ್), ಬಲಕ್ಕೆ ಎತ್ತರದ ಮೋಡ್. ಹಸಿರು ಅಂದರೆ ಈಗ ಕೆಲಸ ಮಾಡುತ್ತಿರುವುದು, ಬಿಳಿ ಅಂದರೆ ಸರದಿಯಲ್ಲಿ ಕಾಯುತ್ತಿರುವುದು.

ನ್ಯಾವ್ ಒತ್ತಿದಾಗ ಸಿಡಿಐ (ದಾರಿಯಿಂದ ಎಷ್ಟು ಪಕ್ಕಕ್ಕಿದ್ದೇವೆ ಅಂತ ತೋರಿಸುವ) ಮುಳ್ಳು ಮಧ್ಯದಿಂದ ಒಂದು ಚುಕ್ಕೆಗಿಂತ ಆಚೆ ಇದ್ದರೆ ಆ ಮೋಡ್ ಬಿಳಿಯಲ್ಲೇ ಕಾಯುತ್ತದೆ. ಅಲ್ಲಿಯವರೆಗೆ ಹಸಿರಿನಲ್ಲಿರುವ ರೋಲ್ (ರೆಕ್ಕೆಯ ವಾಲಿಕೆ ಹಿಡಿಯುವ ಮೋಡ್) ಅಥವಾ ಹೆಡಿಂಗ್ (ಸೆಟ್ ಮಾಡಿದ ದಿಕ್ಕಿಗೆ ಹೋಗುವ ಮೋಡ್) ಹೇಳಿದಂತೆ ಹಾರುತ್ತದೆ. ಅದರ ದಿಕ್ಕು ದಾರಿಯನ್ನು ಅಡ್ಡ ಹಾಯುವಂತಿಲ್ಲದಿದ್ದರೆ ಮುಳ್ಳು ಹತ್ತಿರ ಬರುವುದೇ ಇಲ್ಲ, ಕಾಯುವುದು ಮುಗಿಯುವುದೇ ಇಲ್ಲ. ಹಾಗಾಗಿ ಹೆಡಿಂಗ್ ಬಗ್ಗನ್ನು (ದಿಕ್ಕು ಸೆಟ್ ಮಾಡುವ ಗುರುತನ್ನು) ದಾರಿಗೆ 30ರಿಂದ 45 ಡಿಗ್ರಿ ಓರೆಯಾಗಿ ಇಟ್ಟು ಹೆಡಿಂಗ್ ಒತ್ತಿ, ಆಮೇಲೆ ನ್ಯಾವ್ ಒತ್ತಿ, ಹಸಿರಾಗುವವರೆಗೆ ಪಟ್ಟಿಯಿಂದ ಕಣ್ಣು ತೆಗೆಯಬೇಡಿ. ಸಿಡಿಐ ಬಣ್ಣವನ್ನೂ ನೋಡಿ: ಮಜೆಂಟಾ ಇದ್ದರೆ ಜಿಪಿಎಸ್, ಹಸಿರಿದ್ದರೆ ವಿಒಆರ್ ಅಥವಾ ಲೋಕಲೈಜರ್ (ಎರಡೂ ನೆಲದಿಂದ ಬರುವ ರೇಡಿಯೊ ಸಂಕೇತ, ಲೋಕಲೈಜರ್ ರನ್‌ವೇಯ ನೇರ ತೋರಿಸುವುದು). ನ್ಯಾವ್ ನಡೆಯುತ್ತಿರುವಾಗ ನೀವು ಸಿಡಿಐ ಸಾಫ್ಟ್‌ಕೀ ಒತ್ತಿ ಮೂಲ ಬದಲಿಸಿದರೆ ಆಟೊಪೈಲಟ್ ಸದ್ದಿಲ್ಲದೆ ರೋಲ್‌ಗೆ ಬೀಳುತ್ತದೆ. ಮತ್ತೆ ನ್ಯಾವ್ ಒತ್ತಬೇಕು.

ಆಲ್ಟ್ ಗುಂಡಿಯ ಅರ್ಥ 'ಈಗಿರುವ ಎತ್ತರ ಹಿಡಿ' ಅಂತ. ಸೆಟ್ ಮಾಡಿದ ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಏರುವಾಗ ಪಟ್ಟಿಯ ಬಲತುದಿಯಲ್ಲಿ ಬಿಳಿ ಆಲ್ಟ್‌ಎಸ್ (ಸೆಟ್ ಮಾಡಿದ ಎತ್ತರ ಹಿಡಿಯುವ ಮೋಡ್) ಇದೆಯೇ ನೋಡಿ. ಪಿಚ್ (ಮೂಗಿನ ಕೋನ ಹಿಡಿಯುವುದು), ವಿಎಸ್ (ಏರಿಳಿಯುವ ದರ ಹಿಡಿಯುವುದು), ಎಫ್‌ಎಲ್‌ಸಿ (ವೇಗ ಹಿಡಿಯುವುದು) ಮೂರು ಮೋಡ್‌ಗಳಲ್ಲೂ ಅದು ತಾನಾಗಿಯೇ ಬರುತ್ತದೆ. ಬಂದಿದ್ದರೆ ಕೈ ಕಟ್ಟಿ ಕೂರಿ, 6,500ರಲ್ಲಿ ಅದೇ ನಿಲ್ಲುತ್ತದೆ.

ದಪ್ಪಮೋಡ:
ಮೂಗು ಏಳುವುದಕ್ಕೆ ಕಾರಣ ಬಹುಪಾಲು ನಿಮ್ಮ ಕೈ. ಆಟೊಪೈಲಟ್ ಹಾಕಿಕೊಂಡೇ ಯೋಕನ್ನು (ವಿಮಾನ ಹಾರಿಸುವ ಹಿಡಿಯನ್ನು) ಮುಂದಕ್ಕೆ ಒತ್ತಿದರೆ ಅದು ಆ ಒತ್ತಡವನ್ನು ಎದುರಿಸಲು ಟ್ರಿಮ್ಮನ್ನು (ಯೋಕಿಗೆ ಕೈಬಲ ಹಾಕದೆಯೇ ಮೂಗನ್ನು ಹಿಡಿದಿಡುವ ಹೊಂದಾಣಿಕೆಯನ್ನು) ಮೂಗು ಮೇಲಾಗುವ ಕಡೆಗೆ ಓಡಿಸುತ್ತಲೇ ಇರುತ್ತದೆ. ಆಟೊಪೈಲಟ್ ತೆಗೆದ ಕ್ಷಣ ಆ ಟ್ರಿಮ್ ಎಲ್ಲಾ ಒಟ್ಟಿಗೆ ಕೈಗೆ ಬರುತ್ತದೆ. ಹಿಂದಕ್ಕೆ ಎಳೆದರೆ ಇದರ ಉಲ್ಟಾ, ಮೂಗು ಕುಸಿಯುತ್ತದೆ. ಫ್ಲಾಪ್ ಬಿಟ್ಟ ತಕ್ಷಣ, ಪವರ್ ಬದಲಿಸಿದ ತಕ್ಷಣ ತೆಗೆದರೂ ಹೀಗಾಗಬಹುದು, ಟ್ರಿಮ್ ಇನ್ನೂ ಹೊಂದಿಕೊಳ್ಳುತ್ತಿರುತ್ತದೆ. ಕೆಲವು ಸೆಕೆಂಡು ಬಿಟ್ಟು, ಯೋಕನ್ನು ಸಡಿಲವಾಗಿ ಹಿಡಿದು, ಕೆಂಪು ಡಿಸ್‌ಕನೆಕ್ಟ್ ಗುಂಡಿಯಿಂದ ತೆಗೆಯಿರಿ.

ಕಲಿಯುವ ಕ್ರಮದ ವಿಷಯ: ಮೋಡ್ ಕಲಿಯುವುದಕ್ಕೆ ಮುಂಚೆ ತೆಗೆಯುವುದನ್ನು ಕಲಿಯಿರಿ. ಟೇಕಾಫ್‌ಗೆ ಮುಂಚೆ ನೆಲದಲ್ಲೇ ಎಪಿ ಹಾಕಿ, ಯೋಕನ್ನು ಎದುರು ತಳ್ಳಿ ಸರ್ವೊ (ಆಟೊಪೈಲಟ್‌ನ ಮೋಟರ್) ಮಣಿಯುತ್ತದೆಯೇ ನೋಡಿ, ಕೆಂಪು ಗುಂಡಿ ಒತ್ತಿ ಟೋನ್ ಕೇಳಿಸಿಕೊಳ್ಳಿ, ಕೊನೆಗೆ ಟ್ರಿಮ್ಮನ್ನು ಟೇಕಾಫ್ ಗುರುತಿಗೆ ವಾಪಸ್ ತನ್ನಿ. ಈ ಕೊನೆಯದನ್ನೇ ಜನ ಮರೆಯುವುದು. ಟ್ರಿಮ್ ಓಡಿಹೋದರೆ ಯೋಕ್ ಗಟ್ಟಿ ಹಿಡಿದು ಕೆಂಪು ಗುಂಡಿಯನ್ನು ಒತ್ತಿಯೇ ಇರಬೇಕು, ಆಟೊಪೈಲಟ್ ಬ್ರೇಕರ್ (ಅದರ ವಿದ್ಯುತ್ ಕಡಿಯುವ ಗುಂಡಿ) ಎಳೆದ ಮೇಲಷ್ಟೇ ಬೆರಳು ತೆಗೆಯಬೇಕು. ಆ ಬ್ರೇಕರ್ ಎಲ್ಲಿದೆ ಅಂತ ಕಣ್ಣು ಮುಚ್ಚಿ ಮುಟ್ಟಿ ತೋರಿಸುವಷ್ಟು ಅಭ್ಯಾಸ ಆಗಲಿ.

ಇನ್ನು, ಏರುವಾಗ ವಿಎಸ್ ಬೇಡ, ಎಫ್‌ಎಲ್‌ಸಿ ಬಳಸಿ. ಈ ವಿಮಾನದಲ್ಲಿ ಆಟೊಥ್ರಾಟಲ್ (ಪವರನ್ನು ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ. ಸಮುದ್ರಮಟ್ಟದಲ್ಲಿ 172ಎಸ್ ನಿಮಿಷಕ್ಕೆ 730 ಅಡಿ ಏರುತ್ತದೆ, 8,000 ಅಡಿಗೆ ಹೋಗುವಷ್ಟರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಕೆಳಗೆ ಹಾಕಿದ 700ರ ವಿಎಸ್ ಹಾಗೇ ಇದ್ದರೆ ಆಟೊಪೈಲಟ್ ಆ 700ಕ್ಕಾಗಿ ಮೂಗು ಎತ್ತುತ್ತಲೇ ಹೋಗುತ್ತದೆ, ವೇಗ ಕರಗಿ ಸ್ಟಾಲ್ ಹಾರ್ನ್ ಕೂಗುತ್ತದೆ. ಎಫ್‌ಎಲ್‌ಸಿಯಲ್ಲಿ 80 ನಾಟ್ ಇಟ್ಟರೆ ವೇಗ ಉಳಿಯುತ್ತದೆ, ಕಡಿಮೆಯಾಗುವುದು ಏರುವ ದರ. ಇಳಿಯುವಾಗ ವಿಎಸ್ ಪರವಾಗಿಲ್ಲ, ಆದರೆ ಪವರ್ ತಗ್ಗಿಸದಿದ್ದರೆ ಆರ್‌ಪಿಎಂ 2,700ರ ಕೆಂಪು ಗೆರೆಯತ್ತ ಓಡುತ್ತದೆ.

ಬಲಗೈಟ್ರಿಮ್:
ಮೇಲಿನ ಎರಡಕ್ಕೂ ನನ್ನ ಸಹಮತ, ಒಂದು ಸೇರಿಸಬೇಕು. 'ಆಲ್ಟ್‌ಎಸ್ ಬಂದರೆ ಕೈ ಕಟ್ಟಿ ಕೂರಿ' ಅನ್ನುವುದು ನಾಬ್ ಮುಟ್ಟದಿದ್ದರೆ ಮಾತ್ರ ನಿಜ. ಆಲ್ಟ್‌ಎಸ್ ಹಸಿರಾಗಿ ಎತ್ತರ ಹಿಡಿಯುತ್ತಿರುವ ಆ ಕೆಲವೇ ಸೆಕೆಂಡುಗಳಲ್ಲಿ ಮುಂದಿನ ಎತ್ತರ ಹಾಕೋಣ ಅಂತ ಆಲ್ಟಿಟ್ಯೂಡ್ ನಾಬ್ ತಿರುಗಿಸಿದರೆ ಹಿಡಿಯುವುದು ರದ್ದಾಗಿ ಪಿಚ್ ಮೋಡ್‌ಗೆ ಹೋಗುತ್ತದೆ. ಆ ಕ್ಷಣದ ಮೂಗಿನ ಕೋನದಲ್ಲೇ ನಿಮ್ಮ ಎತ್ತರ ದಾಟಿ ಹೋಗುತ್ತದೆ. ಬಲಭಾಗದಲ್ಲಿ ಆಲ್ಟ್ ಹಸಿರಾಗಿ ನಿಂತ ಮೇಲೆ ನಾಬ್ ತಿರುಗಿಸಿ.

ಐಎಲ್‌ಎಸ್‌ಗೆ (ರೇಡಿಯೊ ಸಂಕೇತ ಹಿಡಿದು ರನ್‌ವೇಗೆ ಇಳಿಯುವ ವ್ಯವಸ್ಥೆಗೆ) ನ್ಯಾವ್ ಒತ್ತಿದರೆ ಲೋಕಲೈಜರ್ ಸಿಗುತ್ತದೆ, ಗ್ಲೈಡ್‌ಸ್ಲೋಪ್ (ಇಳಿಯುವ ಓರೆ ದಾರಿಯ ಸಂಕೇತ) ಸಿಗದು. ಎಪಿಆರ್ (ಅಪ್ರೋಚ್ ಗುಂಡಿ) ಒತ್ತಿದರೆ ಮಾತ್ರ ಬಿಳಿ ಜಿಎಸ್ (ಗ್ಲೈಡ್‌ಸ್ಲೋಪ್) ಕಾಣುತ್ತದೆ. ಗ್ಲೈಡ್‌ಸ್ಲೋಪನ್ನು ಯಾವಾಗಲೂ ಕೆಳಗಿನಿಂದ ಹಿಡಿಯಿರಿ, ಮೇಲೆ ಸುಳ್ಳು ಗ್ಲೈಡ್‌ಸ್ಲೋಪ್‌ಗಳಿರುತ್ತವೆ.

ಜಿ1000 ಇದ್ದೂ ಕೆಎಪಿ 140 ಆಟೊಪೈಲಟ್ ಇರುವ ಹಳೆಯ 172 ಸಿಕ್ಕಿದರೆ ಮೇಲೆ ಹೇಳಿದ್ದರಲ್ಲಿ ಅರ್ಧ ನಡೆಯದು. ಅದರ ಮೋಡುಗಳು ಪಿಎಫ್‌ಡಿಯಲ್ಲಿ ಅಲ್ಲ, ಅದರದೇ ಚಿಕ್ಕ ಡಬ್ಬಿಯಲ್ಲಿ ಕಾಣುತ್ತವೆ. ಎಫ್‌ಎಲ್‌ಸಿ ಇಲ್ಲ, ವಿಎಸ್ ಮಾತ್ರ. ಬ್ಯಾರೊ ಸೆಟ್ಟಿಂಗ್ (ಎತ್ತರ ಲೆಕ್ಕಕ್ಕೆ ಹಾಕುವ ಗಾಳಿಯ ಒತ್ತಡ) ಕೂಡ ಬೇರೆ. ಪಿಎಫ್‌ಡಿಯಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು ಒತ್ತಡ ಇದ್ದರೆ ಪಾದರಸದ ಒಂದು ಇಂಚಿನ ವ್ಯತ್ಯಾಸಕ್ಕೆ ಸುಮಾರು 1,000 ಅಡಿಯ ಲೆಕ್ಕದಲ್ಲಿ ತಪ್ಪು ಎತ್ತರದಲ್ಲಿ ನಿಲ್ಲುತ್ತದೆ.

ಮುಳ್ಳುಗಡಿಯಾರ:
ಯೋಕ್ ಮೇಲೆ ಕೈ ಭಾರ ಬಿಡುವುದು ನಿಜ, ತಿದ್ದಿಕೊಳ್ಳುತ್ತೇನೆ. ಒಂದೇ ಅನುಮಾನ: ದಾರಿಯಿಂದ ಮುಕ್ಕಾಲು ಮೈಲಿ ಪಕ್ಕದಲ್ಲಿದ್ದಾಗ ನ್ಯಾವ್ ಒಮ್ಮೆ ತಕ್ಷಣ ಹಸಿರಾಗುತ್ತದೆ, ಇನ್ನೊಮ್ಮೆ ಬಿಳಿಯಲ್ಲೇ ಇರುತ್ತದೆ. ಅದೇ ದೂರ ತಾನೇ?

ಎಡಸೀಟು:
ದೂರ ಅದೇ, ಅಳತೆಗೋಲು ಬೇರೆ. ಡಬ್ಲ್ಯೂಎಎಎಸ್ (ಜಿಪಿಎಸ್ ನಿಖರತೆ ಹೆಚ್ಚಿಸುವ ವ್ಯವಸ್ಥೆ) ಇರುವ ಜಿ1000ದಲ್ಲಿ ಎನ್‌ರೂಟ್ (ದಾರಿ ನಡುವಿನ) ಹಂತದಲ್ಲಿ ಸಿಡಿಐ ಪೂರ್ತಿ ವಾಲಿದರೆ 2 ನಾಟಿಕಲ್ ಮೈಲಿ, ಅಂದರೆ ಒಂದು ಚುಕ್ಕೆಗೆ 1 ಮೈಲಿ. ಏರ್‌ಪೋರ್ಟಿಗೆ ಸುಮಾರು 30 ಮೈಲಿಯೊಳಗೆ ಟರ್ಮಿನಲ್ ಹಂತ ಬಂದಾಗ ಪೂರ್ತಿ ವಾಲಿಕೆ 1 ಮೈಲಿಗೆ ಇಳಿಯುತ್ತದೆ, ಚುಕ್ಕೆಗೆ ಅರ್ಧ ಮೈಲಿ. ನಿಮ್ಮ ಮುಕ್ಕಾಲು ಮೈಲಿ ಮೊದಲನೆಯದರಲ್ಲಿ ಚುಕ್ಕೆಯ ಒಳಗೆ, ಎರಡನೆಯದರಲ್ಲಿ ಹೊರಗೆ. ಎಚ್‌ಎಸ್‌ಐ (ಪಿಎಫ್‌ಡಿಯಲ್ಲಿನ ದಿಕ್ಕಿನ ವೃತ್ತ) ಒಳಗೆ ಇಎನ್‌ಆರ್ ಅಥವಾ ಟರ್ಮ್ ಅಂತ ಬರೆದಿರುತ್ತದೆ. ನ್ಯಾವ್ ಒತ್ತುವ ಮುಂಚೆ ಅದನ್ನೊಮ್ಮೆ ನೋಡಿ.