0.00407: ಘಾತಾಂಕ −2 ಆ, −3 ಆ? ಮಗಳಿಗೆ ಹೇಗೆ ಹೇಳಿಕೊಡಲಿ?

ಕುಮಟಾ_ಅಮ್ಮ

ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. 0.00407 ಅನ್ನು ವೈಜ್ಞಾನಿಕ ರೂಪದಲ್ಲಿ ಬರೆಯಿರಿ ಅಂತ ಲೆಕ್ಕ ಇದೆ. ಪಾಯಿಂಟ್ ಆದ ಮೇಲೆ ಸೊನ್ನೆ ಇರುವುದು ಎರಡೇ, ಹಾಗಾಗಿ 4.07 × 10⁻² ಅಂತ ಅವಳ ವಾದ. ಪುಸ್ತಕದ ಹಿಂದೆ ಕೊಟ್ಟಿರುವ ಉತ್ತರ 4.07 × 10⁻³. ಟ್ಯೂಷನ್ನಿನಲ್ಲಿ "ಪಾಯಿಂಟನ್ನು ಬಲಕ್ಕೆ ಸರಿಸಿದರೆ ಮೈನಸ್ಸು, ಎಡಕ್ಕೆ ಸರಿಸಿದರೆ ಪ್ಲಸ್ಸು" ಅಂತ ಬಾಯಿಪಾಠ ಮಾಡಿಸಿದ್ದಾರಂತೆ. ಯಾಕೆ ಅಂತ ಕೇಳಿದರೆ, ರೂಲ್ಸು! ಅದರ ಕೆಳಗೇ 53.062 ಅನ್ನು ಹತ್ತರ ಘಾತ ಬಳಸಿ ವಿಸ್ತರಿಸಿ ಅಂತ ಇನ್ನೊಂದು ಲೆಕ್ಕ, ಅದಕ್ಕೆ ಬೇರೆ ರೂಲ್ಸು. ಎರಡಕ್ಕೂ ಏನಾದರೂ ಸಂಬಂಧ ಇದೆಯಾ? ಸುಮ್ನೆ ಉರು ಹೊಡೆಸುವುದಕ್ಕೆ ನನಗೆ ಮನಸ್ಸಿಲ್ಲ.

ಶಿರಸಿ_ಮಾಸ್ತರು

ಸಂಬಂಧ ಇದೆ ತಂಗಿ. ಪುಸ್ತಕದಲ್ಲಿ ಯಾವುದು ಮೊದಲು ಬಂದರೂ ಇರಲಿ, ನೀವು ಮೊದಲು ವಿಸ್ತರಿಸಿದ ರೂಪವನ್ನೇ ಬರೆಸಿ. 53.062 ಅಂದರೆ

5×10¹ + 3×10⁰ + 0×10⁻¹ + 6×10⁻² + 2×10⁻³

ಎಡದಿಂದ ಬಲಕ್ಕೆ ಒಂದು ಮನೆ ಹೋದರೆ ಬೆಲೆ ಹತ್ತರಲ್ಲಿ ಒಂದು ಪಾಲಾಗುತ್ತದೆ, ಘಾತಾಂಕ ಒಂದು ಇಳಿಯುತ್ತದೆ. ನೂರಕ್ಕೆ 2, ಹತ್ತಕ್ಕೆ 1, ಬಿಡಿಗೆ 0. ಪಾಯಿಂಟ್ ಬಂತು ಅಂತ ಈ ಇಳಿಯುವುದು ನಿಲ್ಲುವುದಿಲ್ಲ. ಸೊನ್ನೆಯಿಂದ ಇಳಿದರೆ ಮೈನಸ್ ಒಂದು ತಾನೆ? ಅದೇ ದಶಾಂಶದ ಮನೆ, 1/10. ಅದರ ಪಕ್ಕ ಶತಾಂಶ, ಆಮೇಲೆ ಸಹಸ್ರಾಂಶ. ಮೈನಸ್ ಎಲ್ಲಿಂದ ಬಂತು ಅನ್ನುವುದಕ್ಕೆ ಇಷ್ಟೇ ಉತ್ತರ.

ಈಗ 0.00407. ಬಿಡಿಯಲ್ಲಿ ಸೊನ್ನೆ, ದಶಾಂಶದಲ್ಲಿ ಸೊನ್ನೆ, ಶತಾಂಶದಲ್ಲೂ ಸೊನ್ನೆ, 4 ಕೂತಿರುವುದು ಸಹಸ್ರಾಂಶದ ಮನೆಯಲ್ಲಿ. ಹಾಗಾಗಿ

4×10⁻³ + 0×10⁻⁴ + 7×10⁻⁵

ಮೂರರಿಂದಲೂ 10⁻³ ಹೊರಗೆ ತೆಗೆದರೆ ಒಳಗೆ ಉಳಿಯುವುದು 4 + 0×10⁻¹ + 7×10⁻², ಅಂದರೆ 4.07. ಹೊರಗೆ 10⁻³. ಅದೇ ವೈಜ್ಞಾನಿಕ ರೂಪ. ಸೊನ್ನೆ ಅಲ್ಲದ ಮೊದಲನೇ ಅಂಕಿ ಯಾವ ಮನೆಯಲ್ಲಿದೆಯೋ ಆ ಮನೆಯ ಘಾತಾಂಕವೇ ಉತ್ತರದ ಘಾತಾಂಕ. 53.062 ಕ್ಕೂ ಹಾಗೇ: 5 ಹತ್ತರ ಮನೆಯಲ್ಲಿದೆ, ಉತ್ತರ 5.3062 × 10¹. ಮಗಳು ಎಣಿಸಿದ್ದು ಪಾಯಿಂಟ್ ಮತ್ತು 4 ರ ನಡುವಿನ ಖಾಲಿ ಮನೆಗಳನ್ನು, ಎಣಿಸಬೇಕಾದ್ದು 4 ಇರುವ ಮನೆಯನ್ನೂ ಸೇರಿಸಿ. ಪಾಯಿಂಟ್ ಸರಿಸುವುದು ಕೈ ಕೂತ ಮೇಲೆ ಬೇಗ ಮಾಡುವ ದಾರಿ, ಮಕ್ಕಳಿಗೆ ಅದನ್ನೇ ಮೊದಲು ಕೊಟ್ಟರೆ ಎಡ-ಬಲದ ಗೊಂದಲ ಎಸ್ಸೆಸ್ಸೆಲ್ಸಿ ದಾಟಿದರೂ ಹೋಗುವುದಿಲ್ಲ.

ಕುಮಟಾ_ಅಮ್ಮ

ಮಾಸ್ತರೇ, ಇದು ತಲೆಗೆ ಹೋಯಿತು. 0×10⁻¹ ಅನ್ನು ಬರೆಯಲೇಬೇಕಾ?

ಶಿರಸಿ_ಮಾಸ್ತರು

ಬಿಟ್ಟರೂ ಬೆಲೆ ಬದಲಾಗುವುದಿಲ್ಲ. ಕಲಿಯುವಾಗ ಬರೆಯಲಿ, ಮನೆ ಹಾರಿ 6 ರ ಕೆಳಗೆ 10⁻¹ ಹಾಕುವುದು ತಪ್ಪುತ್ತದೆ.

ಅಂಕೋಲಾ_ಹುಡುಗ

407 × 10⁻⁵ ಅಂದರೂ ಅದೇ ಅಲ್ವಾ? ಅದಕ್ಕೆ ಯಾಕೆ ಮಾರ್ಕು ಕಟ್ ಮಾಡುತ್ತಾರೆ?

ಕಾರವಾರ_ಲ್ಯಾಬ್

ಬೆಲೆ ಅದೇ, ರೂಪ ಅಲ್ಲ. ಹತ್ತರ ಘಾತದ ಎಡಕ್ಕೆ ಬರೆಯುವ ಸಂಖ್ಯೆ 1 ಅಥವಾ ಅದಕ್ಕಿಂತ ದೊಡ್ಡದು, ಆದರೆ 10 ಕ್ಕಿಂತ ಚಿಕ್ಕದು ಇರಬೇಕು. ಪಾಯಿಂಟಿನ ಎಡಕ್ಕೆ ಒಂದೇ ಅಂಕಿ, ಅದೂ ಸೊನ್ನೆ ಅಲ್ಲ. ಇದು ಹಟಕ್ಕೆ ಮಾಡಿದ ನಿಯಮ ಅಲ್ಲ. ಎಲ್ಲರೂ ಹೀಗೇ ಬರೆದರೆ ಎರಡು ಸಂಖ್ಯೆಯಲ್ಲಿ ದೊಡ್ಡದು ಯಾವುದು ಅಂತ ಘಾತಾಂಕ ನೋಡಿಯೇ ಹೇಳಬಹುದು. 4.07 × 10⁻³ ಮತ್ತು 9.8 × 10⁻⁵ ಇದ್ದರೆ ಮೊದಲನೆಯದೇ ದೊಡ್ಡದು, 9 ನೋಡಿ ಮೋಸ ಹೋಗಬಾರದು. 407 × 10⁻⁵ ಅಂತ ಬರೆದರೆ ಆ ಅನುಕೂಲ ಹೋಯಿತು.

ನಮ್ಮ ಕಡೆಯ ಲೆಕ್ಕ ಬೇಕಿದ್ದರೆ ಕೈಗಾ ಅಣು ವಿದ್ಯುತ್ ಸ್ಥಾವರ ತೆಗೆದುಕೊಳ್ಳಿ. 220 ಮೆಗಾವ್ಯಾಟಿನ 4 ಘಟಕ, ಒಟ್ಟು 880 ಮೆಗಾವ್ಯಾಟ್, ವ್ಯಾಟಿನಲ್ಲಿ 8.8 × 10⁸. ಅಲ್ಲಿನ ಒಂದನೇ ಘಟಕ 2018 ರ ಕೊನೆಯವರೆಗೆ 962 ದಿನ ಒಂದೇ ಸಮ ಓಡಿ ದಾಖಲೆ ಮಾಡಿತ್ತು. ದಿನಕ್ಕೆ 86,400 ಸೆಕೆಂಡು, ಒಟ್ಟು 8,31,16,800 ಸೆಕೆಂಡು, ಅಂದರೆ 8.31168 × 10⁷. ಲಕ್ಷ 10⁵, ಕೋಟಿ 10⁷ ಅಂತ ನೆನಪಿದ್ದರೆ ಘಾತಾಂಕ 7 ಕಂಡ ಕೂಡಲೇ "ಎಂಟು ಕೋಟಿ ಚಿಲ್ಲರೆ" ಅಂತ ಬಾಯಿಗೆ ಬರುತ್ತದೆ. ಪೇಪರಿನಲ್ಲಿ ಡ್ಯಾಮಿನ ನೀರು ಬರೆಯುವ ಟಿಎಂಸಿ ಕೂಡ ಇದೇ ಜಾತಿ, ಸಾವಿರ ಮಿಲಿಯನ್ ಘನ ಅಡಿ: 10³ × 10⁶ = 10⁹. ಚಿಕ್ಕದಕ್ಕೆ ಅಡಿಕೆ ಒಣಗಿಸುವ ಪಾಲಿಹೌಸಿನ ಶೀಟು. 200 ಮೈಕ್ರಾನ್ ಅಂದರೆ 200 × 10⁻⁶ ಮೀಟರ್, ಸರಿಯಾಗಿ ಬರೆದರೆ 2 × 10⁻⁴.

ಇನ್ನೊಂದು ವಿಷಯ, ಶಾಲೆಯಲ್ಲಿ ಜಾಸ್ತಿ ಹೇಳುವುದಿಲ್ಲ. ಬಂಗಾರದ ಅಂಗಡಿಯ ತಕ್ಕಡಿ ನೋಡಿ, ಗಾಜಿನ ಡಬ್ಬಿಯೊಳಗೆ ಉಂಗುರ ಇಟ್ಟು ಮುಚ್ಚಳ ಹಾಕಿದ ಮೇಲೆ ಅಂಕಿ ಸ್ವಲ್ಪ ಹೊತ್ತು ಕುಣಿದು 4.320 ಅಂತ ನಿಲ್ಲುತ್ತದೆ. ಆ ಕೊನೆಯ ಸೊನ್ನೆ ಸುಮ್ನೆ ಇಲ್ಲ. ಮಿಲಿಗ್ರಾಂವರೆಗೂ ತೂಗಿದ್ದೇವೆ, ಅಲ್ಲಿ ಸೊನ್ನೆ ಬಂತು ಅಂತ ಅರ್ಥ. ಕಿಲೋಗೆ ತಂದರೆ 4.320 × 10⁻³ ಅಂತಲೇ ಬರೆಯಬೇಕು, 4.32 ಅಂದರೆ ಆ ಮಾಹಿತಿ ಬಿಟ್ಟುಹೋಗುತ್ತದೆ. 0.00432 ರಲ್ಲಿ 4 ರ ಎಡಕ್ಕಿರುವ ಸೊನ್ನೆಗಳಿಗೆ ಈ ಮರ್ಯಾದೆ ಇಲ್ಲ, ಅವು ಬರೀ ಜಾಗ ಹಿಡಿದು ಕೂತವು.

ಯಲ್ಲಾಪುರ_ತೋಟ

ಪಾಯಿಂಟ್ ಕಂಡಲ್ಲೆಲ್ಲ ಇದನ್ನು ಹಚ್ಚಬೇಡಿ ಮಾರಾಯ್ರೆ. ಪಹಣಿಯಲ್ಲಿ 1.20 ಅಂತ ಕಂಡರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ದಶಮಾಂಶ ಅಲ್ಲವೇ ಅಲ್ಲ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ದಶಮಾಂಶದ 1.20 ಎಕರೆ ಅಂದರೆ 48 ಗುಂಟೆ ಮಾತ್ರ. ಪಕ್ಕದ ತೋಟದವರ ಸಾಲದ ಅರ್ಜಿಯಲ್ಲಿ ಯಾರೋ ಹೀಗೇ ತುಂಬಿ ಕಾಗದದಲ್ಲೇ 12 ಗುಂಟೆ ಕರಗಿಸಿದ್ದರು.

ಶಿರಸಿ_ಮಾಸ್ತರು

ಒಳ್ಳೆಯ ಉದಾಹರಣೆ. ವಿಸ್ತರಿಸಿದ ರೂಪದ ಉಪಯೋಗ ಗೊತ್ತಾಗುವುದೇ ಇಂಥಲ್ಲಿ. ಪಹಣಿಯಲ್ಲಿ ಮನೆಗಳ ಬೆಲೆ ಹತ್ತರ ಘಾತ ಅಲ್ಲ. ಗುಂಟೆ ಎಕರೆಯ 1/40, ಗುಂಟೆಗೆ 16 ಆಣೆ, ಹಾಗಾಗಿ ಆಣೆ ಎಕರೆಯ 1/640. 1 ಎಕರೆ 20 ಗುಂಟೆ 8 ಆಣೆ ಇದ್ದರೆ 1 + 20/40 + 8/640 = 1 + 0.5 + 0.0125 = 1.5125 ಎಕರೆ. ಇಲ್ಲಿಗೆ ಬಂದ ಮೇಲಷ್ಟೇ ಹತ್ತರ ಲೆಕ್ಕ ಶುರು, ಈಗ ಬೇಕಾದರೆ 1.5125 × 10⁰ ಅಂತ ಬರೆಯಬಹುದು. ಕುಮಟಾದವರೇ, ಮಗಳಿಗೆ 2 ಎಕರೆ 15 ಗುಂಟೆ 8 ಆಣೆ ಕೊಟ್ಟು ನೋಡಿ. 2.3875 ಬರಬೇಕು.